ಸಣ್ಣ ಚೆಕ್, ದೊಡ್ಡ ಮರ್ಯಾದೆ

ನಮ್ಮ ಜಿಲ್ಲೆಗೆ ಬ್ಯಾಂಕುಗಳ ತೊಟ್ಟಿಲು ಎಂಬ ಹೆಸರಿದೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಆರಂಭಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಇಲ್ಲೇ ಹುಟ್ಟಿದವು. ವಾಮಂಜೂರಿನ ನಮ್ಮಂಥ ಹಳಬರಿಗೆ ಚೆಕ್ ಕೊಡುವುದೆಂದರೆ ಮಾತು ಕೊಟ್ಟ ಹಾಗೆ.

ಕೆಲವು ವರ್ಷಗಳ ಹಿಂದೆ, ಬಾಗಿಲು ರಿಪೇರಿ ಮಾಡಿದ ಆಚಾರಿಗೆ 3,200 ರೂಪಾಯಿಯ ಚೆಕ್ ಕೊಟ್ಟಿದ್ದೆ. ವಾರ ಕಳೆದು ಬಂದವರು ಗೇಟಿನ ಹೊರಗೇ ನಿಂತು, "ಮಾಷ್ಟ್ರೇ, ಚೆಕ್ ವಾಪಸ್ ಬಂತು ಮಾರಾಯ್ರೆ" ಎಂದರು. ಜತೆಗಿದ್ದ ಚೀಟಿಯಲ್ಲಿ 'ಸಾಕಷ್ಟು ಹಣವಿಲ್ಲ' ಎಂದಿತ್ತು. ಪಾಸ್‌ಬುಕ್ಕಿನಲ್ಲಿ 40 ಸಾವಿರಕ್ಕೂ ಹೆಚ್ಚು ಹಣವಿತ್ತು! ಮೊಮ್ಮಗಳು ಮೆಲ್ಲಗೆ ಕೇಳಿದಳು: "ಅಜ್ಜ, ನೀವು ಸುಳ್ಳು ಚೆಕ್ ಕೊಟ್ರಾ?"

ಬ್ಯಾಂಕಿಗೆ ಹೋಗಿ ವಿಚಾರಿಸಿದೆ. ಬೇರೊಬ್ಬರ ಖಾತೆಗೆ ಹಾಕಬೇಕಾದ ತಡೆಯನ್ನು ನನ್ನ ಖಾತೆಗೆ ಹಾಕಿದ್ದರು. ಚೆಕ್ ಮರಳಿದ್ದಕ್ಕೆ ಶುಲ್ಕವನ್ನೂ ಕಡಿದಿದ್ದರು. "ಸಣ್ಣ ಮೊತ್ತ ಅಲ್ವಾ, ಬಿಡಿ ಸರ್" ಎಂದರೊಬ್ಬರು.

ಮಕ್ಕಳೇ, ಕಾನೂನು ಹಾಗೆ ಬಿಡುವುದಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಖಾತೆಯಲ್ಲಿ ಸಾಕಷ್ಟು ಹಣವಿದ್ದು ಚೆಕ್ ಸರಿಯಾಗಿದ್ದರೆ ಬ್ಯಾಂಕ್ ಹಣ ಕೊಡಲೇಬೇಕು. ಕೊಡದಿದ್ದರೆ, ಅದರಿಂದಾದ ನಷ್ಟವನ್ನು ಚೆಕ್ ಬರೆದವರಿಗೆ ತುಂಬಿಕೊಡಬೇಕು. ಇಂಗ್ಲೆಂಡಿನಲ್ಲಿ 1854ರಲ್ಲೇ ಇಂಥದೊಂದು ಮೊಕದ್ದಮೆ ನಡೆದಿತ್ತು. ವರ್ತಕರು ಇಷ್ಟೇ ನಷ್ಟವಾಯಿತೆಂದು ಲೆಕ್ಕ ತೋರಿಸದಿದ್ದರೂ ಜ್ಯೂರಿಯವರು 500 ಪೌಂಡ್ ಪರಿಹಾರ ಹೇಳಿದರು. ನ್ಯಾಯಾಲಯ ಅದನ್ನು 200ಕ್ಕೆ ಇಳಿಸಿತು. ವ್ಯಾಪಾರಿಗೆ ಹೆಸರೇ ಬಂಡವಾಳ. ಚೆಕ್ ಸಣ್ಣದಾದಷ್ಟೂ ಅವಮಾನ ದೊಡ್ಡದು. 'ಅಷ್ಟು ದುಡ್ಡೂ ಇಲ್ಲವೇ ಇವರಲ್ಲಿ?' ಎಂದು ಜನ ಆಡಿಕೊಳ್ಳುತ್ತಾರಲ್ಲ! ವ್ಯಾಪಾರಿಗಳಲ್ಲದ ನಾವು ಮಾತ್ರ ಸಾಮಾನ್ಯವಾಗಿ ನಷ್ಟ ಏನಾಯಿತೆಂದು ತೋರಿಸಬೇಕಾಗುತ್ತದೆ.

ನಾನು ಮ್ಯಾನೇಜರರಿಗೆ ಅರ್ಜಿ ಬರೆದು ಎರಡೇ ಕೇಳಿದೆ: ಕಡಿದ ಶುಲ್ಕ ವಾಪಸ್ ಬೇಕು; 'ಖಾತೆಯಲ್ಲಿ ಹಣವಿತ್ತು, ತಪ್ಪು ನಮ್ಮದು' ಎಂದು ಆಚಾರಿಯ ಹೆಸರಿಗೆ ಪತ್ರ ಬೇಕು. ಹತ್ತು ದಿನದಲ್ಲಿ ಎರಡೂ ಬಂದವು. ಆಚಾರಿಗೆ ಹಣದ ಜತೆ ಪತ್ರವನ್ನೂ ಕೊಟ್ಟು ಬಂದೆ. ನನಗೆ ಅಷ್ಟು ಸಾಕಿತ್ತು.

ನಿಮ್ಮ ಮನೆಯಲ್ಲೂ ಹೀಗಾದರೆ ಚೆಕ್ ಜತೆ ಬಂದ ಚೀಟಿಯನ್ನು ಎಸೆಯಬೇಡಿ. ಬ್ಯಾಂಕಿಗೆ ಬರವಣಿಗೆಯಲ್ಲೇ ದೂರು ಕೊಡಿ, ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಅಜ್ಜ-ಅಜ್ಜಿಗೆ ಅರ್ಜಿ ಬರೆಯುವುದು ಕಷ್ಟವಾದರೆ, ಮಕ್ಕಳೇ, ನೀವು ಬರೆದುಕೊಡಿ.