ಗೊರೂರಿನ ಕ್ಯಾಪ್ಟನ್ ಮತ್ತು ಕನ್ನಡದ ಪ್ರಶ್ನೆಪತ್ರಿಕೆ

ಕ್ಯಾಪ್ಟನ್ ಗೋಪಿನಾಥರ ಹೆಸರೆತ್ತಿದೊಡನೆ ಎಲ್ಲರಿಗೂ ನೆನಪಾಗುವುದು ಏರ್ ಡೆಕ್ಕನ್ ಮತ್ತು ಒಂದು ರೂಪಾಯಿಯ ಟಿಕೆಟು. ಎಡನೀರಿನ ಆಸುಪಾಸಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಬಹುಕಾಲ ಪಾಠ ಹೇಳಿದ ನನಗೆ ಅವರ ಬಾಲ್ಯದ ಒಂದು ಸಂಗತಿಯೇ ಹೆಚ್ಚಿನದಾಗಿ ಕಾಣುತ್ತದೆ.

ಹಾಸನ ಜಿಲ್ಲೆಯ ಗೊರೂರಿನಲ್ಲಿ 1951ರಲ್ಲಿ ಜನಿಸಿದ ಅವರ ತಂದೆ ಶಾಲಾ ಅಧ್ಯಾಪಕರು. ಆದರೂ ಮಗನಿಗೆ ಮೊದಲು ಮನೆಯಲ್ಲೇ ಕಲಿಸಿ, ನೇರವಾಗಿ ಐದನೆಯ ತರಗತಿಗೆ ಸೇರಿಸಿದರು. (ಮುಖ್ಯೋಪಾಧ್ಯಾಯನಾಗಿದ್ದವನಿಗೆ ಇದನ್ನು ಮೆಚ್ಚುವುದು ತುಸು ಕಷ್ಟವೇ!) ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಕುಳಿತಾಗ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿತ್ತು, ಹುಡುಗ ಅನುತ್ತೀರ್ಣನಾದ. ಮುಂದೆ ಕನ್ನಡದಲ್ಲಿ ಬರೆಯುವ ಅವಕಾಶ ದೊರೆತಾಗ ಅದೇ ಹುಡುಗ ತೇರ್ಗಡೆಯಾಗಿ ವಿಜಾಪುರದ ಸೈನಿಕ ಶಾಲೆ ಸೇರಿದ. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದ ತಂದೆತಾಯಿಯರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹೀಗೆ ಸೈನ್ಯಕ್ಕೆ ಹೋದವರು ಕಂಡ ಯುದ್ಧದ ಬೇರಿನಲ್ಲಿಯೂ ಭಾಷೆಯ ಪ್ರಶ್ನೆಯಿತ್ತು. ಬಂಗಾಳಿಗೆ ಸ್ಥಾನ ಬೇಕೆಂದು ಢಾಕಾದ ವಿದ್ಯಾರ್ಥಿಗಳು 1952ರ ಫೆಬ್ರವರಿ 21ರಂದು ಪ್ರಾಣ ತೆತ್ತಿದ್ದರು. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ತನ್ನದೇ ಪ್ರಜೆಗಳ ಮೇಲೆ ಗುಂಡು ಹಾರಿಸಿತು, ಅಂತರ್ಯುದ್ಧ ಹೊತ್ತಿಕೊಂಡಿತು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಡಿಸೆಂಬರಿನಲ್ಲಿ ನಮ್ಮ ಸೇನೆ ಯುದ್ಧಕ್ಕಿಳಿದಾಗ ಗೋಪಿನಾಥರಿಗೆ ಆಗಷ್ಟೇ ಇಪ್ಪತ್ತು ತುಂಬಿತ್ತು. ಬಾಂಗ್ಲಾ ವಿಮೋಚನೆಯ ಆ ಸಮರದಲ್ಲಿ ಅವರು ಹೋರಾಡಿದರು.

ಇಪ್ಪತ್ತೆಂಟರ ಹರೆಯದಲ್ಲಿ ಸೈನ್ಯ ಬಿಟ್ಟರು. ಹೇಮಾವತಿ ಅಣೆಕಟ್ಟಿನಲ್ಲಿ ಕುಟುಂಬದ ಜಮೀನು ಮುಳುಗಿತ್ತು. ಪರಿಹಾರವಾಗಿ ದೊರೆತದ್ದು ಜಾವಗಲ್ ಬಳಿಯ ಬರಡು ಭೂಮಿ. ಅಲ್ಲಿ ಡೇರೆ ಹಾಕಿಕೊಂಡು ತೆಂಗು ನೆಟ್ಟರು, ರೇಷ್ಮೆ ಬೆಳೆದರು. ಆ ಸಾಧನೆಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆ, 2003ರಲ್ಲಿ ಏರ್ ಡೆಕ್ಕನ್. ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನೇ ಅದರ ಲಾಂಛನ. ನಷ್ಟ ತಾಳಲಾರದೆ 2007ರಲ್ಲಿ ಅದು ಕಿಂಗ್‌ಫಿಷರ್‌ನವರ ಪಾಲಾಯಿತು. ವ್ಯಾಪಾರದ ಲೆಕ್ಕದಲ್ಲಿ ಅವರು ಸೋತರೆನ್ನುವವರಿದ್ದಾರೆ. ವಿಮಾನವನ್ನು ಆಕಾಶದಲ್ಲಷ್ಟೇ ಕಂಡಿದ್ದ ಜನ ಅದರೊಳಗೆ ಕುಳಿತದ್ದನ್ನು ನಾನು ಆ ಲೆಕ್ಕಕ್ಕೆ ಸೇರಿಸುತ್ತೇನೆ.

ಗಣಿತದಲ್ಲಿ ಬಲು ಚುರುಕಾಗಿದ್ದ ನನ್ನ ಶಿಷ್ಯನೊಬ್ಬ ಇಂತಹದೇ ಒಂದು ಪರೀಕ್ಷೆಗೆ ಹೋಗಿ, ಪ್ರಶ್ನೆಗಳೇ ಅರ್ಥವಾಗದೆ ಮರಳಿದ್ದ. ಅವನಿಗೆ ಎರಡನೆಯ ಅವಕಾಶ ಸಿಗಲಿಲ್ಲ. ಈಗ ಅಡಕೆ ತೋಟ ನೋಡಿಕೊಂಡು ನೆಮ್ಮದಿಯಿಂದಿದ್ದಾನೆ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ. ಅವಳು ಬರೆಯಬೇಕೆಂದಿರುವ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುವುದೇ ಎಂದು ಮೊನ್ನೆ ನನ್ನಲ್ಲಿ ಕೇಳಿದ.