ಕೇಳದ ಬೇಸ್

ಮೆಟಾಲಿಕಾ ತಂಡದ ಆಲ್ಬಮ್‌ಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು 1991ರ ‘ಬ್ಲ್ಯಾಕ್ ಆಲ್ಬಮ್’. ಅಮೆರಿಕವೊಂದರಲ್ಲೇ ಒಂದೂವರೆ ಕೋಟಿಗೂ ಹೆಚ್ಚು ಪ್ರತಿ! ಅಣ್ಣ ಬಿಟ್ಟುಹೋದ ಕ್ಯಾಸೆಟ್‌ಗಳಲ್ಲಿ ಅದೂ ಇದೆ. ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ಮಾತ್ರ ಅದರ ಹಿಂದಿನದು, 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’.

ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಸತ್ತ. ಇಪ್ಪತ್ನಾಲ್ಕರ ಹುಡುಗ. ಅವನ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸನ್ನು ಈ ಆಲ್ಬಮ್ಮಿನಲ್ಲಿ ಎಷ್ಟು ತಗ್ಗಿಸಿದ್ದಾರೆಂದರೆ, ಕಿವಿಗೊಟ್ಟರೂ ಸಿಗುವುದಿಲ್ಲ. ಕಾರಣ ಏನೇ ಇರಲಿ, ನನಗದು ಸೂತಕದ ಮನೆಯ ಸದ್ದು. ಮುಂದೆ ‘ಬ್ಲ್ಯಾಕ್ ಆಲ್ಬಮ್’ನಲ್ಲಿ ಬೇಸ್ ಮರಳಿತು, ಹಾಡುಗಳು ಚಿಕ್ಕವಾದವು, ಜಗತ್ತೇ ಕೊಂಡಿತು.

ನಮ್ಮ ಮನೆಯಲ್ಲೂ ಎರಡು ವರ್ಷ ಅಣ್ಣನ ಮಂಚದ ಮೇಲೆ ಯಾರೂ ಮಲಗಲಿಲ್ಲ. ನೆಂಟರು ಬಂದರೆ ಅಮ್ಮ ಕೆಳಗೆ ಚಾಪೆ ಹಾಸುತ್ತಿದ್ದಳು.