ಪೂರ್ವಜ್ಞಾನದ ಕಾಲಂನಲ್ಲಿ ಬಿಟ್ಟುಹೋದದ್ದು

ತಾಂಡವಪುರದಲ್ಲಿ ನನ್ನ ಬೋಧನಾಭ್ಯಾಸದ ನಾಲ್ಕನೆಯ ಇಂಗ್ಲಿಷ್ ಪಾಠ, ಒಂಬತ್ತನೆಯ ತರಗತಿ. ಪದವನ್ನು ಉಚ್ಚಾರಾಂಶಗಳಾಗಿ ಬಿಡಿಸಿದರೆ ಸ್ಪೆಲಿಂಗ್ ಸುಲಭವೆಂದು ಹೇಳಿ, ಕಪ್ಪುಹಲಗೆಯ ಮೇಲೆ ಕನ್ನಡದಲ್ಲೇ ‘ಪಿ-ಕ್ಚರ್’ ಎಂದು ಬಿಡಿಸಿ ತೋರಿಸಿದೆ. ಉಕ್ತಲೇಖನ ಕೊಟ್ಟಾಗ ಹಲವರು ‘ಸಿ’ ಅಕ್ಷರವನ್ನೇ ಬಿಟ್ಟಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಒತ್ತಕ್ಷರದ ಹಿಂದಿಂದು ಗುರು ಅಲ್ವಾ? ಹಂಗಾದ್ರೆ ‘ಪಿಕ್’ ಅಂತ ನಿಲ್ಬೇಕು” ಎಂದಳು.

“ಅದು ಕನ್ನಡ ಪೀರಿಯಡ್‌ನಲ್ಲಿ. ಕೂತ್ಕೊ” ಎಂದೆ. ಕೂತಳು. ಆಮೇಲೆ ಕೈಯೆತ್ತಲಿಲ್ಲ.

ಸಂಜೆ ತಾಂಡವಪುರ ನಿಲ್ದಾಣದಲ್ಲಿ ಮೈಸೂರಿನ ರೈಲಿಗೆ ಕಾಯುತ್ತ ಊರ ಹೆಸರನ್ನೇ ಬೆರಳಲ್ಲಿ ಎಣಿಸಿದೆ. ತಾಂ-ಡ-ವ-ಪು-ರ: ಐದು. ಇಂಗ್ಲಿಷಿನಲ್ಲಿ ಬರೆದರೂ ಸ್ವರ ಐದೇ. ಮುಂದಿನ ನಂಜನಗೂಡು ನಮ್ಮ ಬಾಯಲ್ಲಿ ನಂ-ಜ-ನ-ಗೂ-ಡು. ಇಂಗ್ಲಿಷ್ ಬರಹದಲ್ಲಿ ನನ್-ಜನ್-ಗುಡ್, ಸ್ವರ ಮೂರೇ. ಎಣಿಸಬೇಕಾದದ್ದು ಕೇಳಿಸುವ ಸ್ವರವನ್ನು. ‘ಪಿಕ್ಚರ್’ ಪದದ ಕೊನೆಯ ‘ಇ’ ಬರೆದರೂ ಕೇಳಿಸದು, ಅದು ಲೆಕ್ಕಕ್ಕಿಲ್ಲ.

ನಾನು ಬಿಡಿಸಿದ್ದು ಬರಹವನ್ನು, ಹುಡುಗಿ ಬಿಡಿಸಿದ್ದು ಉಚ್ಚಾರವನ್ನು. ಬರೆಯುವಾಗ ಪು-ಸ್ತ-ಕ, ಹೇಳುವಾಗ ಪುಸ್-ತ-ಕ. ಸಕಾರ ಹಿಂದಕ್ಕೆ ಸೇರುವುದರಿಂದಲೇ ‘ಪು’ ಗುರು.

ಮರುದಿನ, “ನಿನ್ನೆ ನೀನು ಹೇಳಿದ್ದೇ ಸರಿ” ಎಂದು ಅವಳನ್ನು ಕರೆದು ಸೀಮೆಸುಣ್ಣ ಕೊಟ್ಟೆ. ಪಿಕ್-ಚರ್, ಸಿಸ್-ಟರ್, ನಮ್-ಬರ್ ಎಂದು ಬಿಡಿಸಿದಳು. ಈ ಸಲದ ಉಕ್ತಲೇಖನದಲ್ಲಿ ಹೆಚ್ಚಿನವರು ‘ಸಿ’ ಬರೆದರು. ನಂತರ ‘ಡಿನ್ನರ್’ ತೆಗೆದುಕೊಂಡೆವು. ಒಂದೇ ‘ಎನ್’ ಬರೆದರೆ ಅದು ‘ಡೈ-ನರ್’ ಆಗುತ್ತದೆ. ಎರಡು ‘ಎನ್’ ಇದ್ದರೆ ‘ಡಿನ್’ ಉಳಿಯುತ್ತದೆ. ಆದರೆ ಇಂಗ್ಲಿಷ್ ಉಚ್ಚಾರದಲ್ಲಿ ನಮ್ಮ ‘ಅನ್ನ’ದಂತೆ ಎರಡು ನಕಾರ ಕೇಳಿಸುವುದಿಲ್ಲ, ಆ ಜೋಡಿ ಸ್ಪೆಲಿಂಗ್‌ಗಷ್ಟೇ.

ಎಲ್ಲವೂ ಗುರು-ಲಘುವಿನಿಂದ ಬಗೆಹರಿಯದು. ‘ಇಸ್ಕೂಲು’ ಎನ್ನುತ್ತಿದ್ದ ಹುಡುಗನನ್ನು ಮೊದಲ ವಾರ ಗದರಿದ್ದೆ. ‘ಸ್’ ಸೇರಿಕೊಳ್ಳಲು ಹಿಂದೆ ಸ್ವರವಿಲ್ಲ. ಅವನ ನಾಲಿಗೆ ಒಂದು ‘ಇ’ ಹುಡುಕಿಕೊಂಡಿತ್ತು, ಕೊನೆಗೊಂದು ‘ಉ’ ಕೂಡ. ಒಂದು ಉಚ್ಚಾರಾಂಶ ಮೂರಾಗಿತ್ತು: ಇಸ್-ಕೂ-ಲು. ಈಗ ‘ಸ್‌ಸ್‌ಸ್’ ಎಂದು ಎಳೆಯಿಸಿ, ‘ಕೂಲ್’ ಸೇರಿಸಲು ಹೇಳಿದೆ. ಮೂರನೆಯ ಸಲಕ್ಕೆ ಬಂತು.

ಪಾಠಯೋಜನೆಯ ‘ಪೂರ್ವಜ್ಞಾನ’ ಕಾಲಂನಲ್ಲಿ ‘ವಿದ್ಯಾರ್ಥಿಗಳಿಗೆ ಇಂಗ್ಲಿಷ್ ವರ್ಣಮಾಲೆ ಗೊತ್ತಿದೆ’ ಎಂದಷ್ಟೇ ಬರೆಯುತ್ತಿದ್ದೆ. ಐದನೆಯ ಪಾಠದಿಂದ ‘ಕನ್ನಡದಲ್ಲಿ ಪ್ರಸ್ತಾರ ಹಾಕಲು ಗೊತ್ತಿದೆ’ ಎಂದು ಸೇರಿಸಿದೆ. ಆ ಹುಡುಗಿ ಮತ್ತೆ ತಾನಾಗಿ ಕೈಯೆತ್ತಲು ಮಾತ್ರ ಒಂದು ವಾರ ಹಿಡಿಯಿತು.